ಕುಲಾವಿ ಎಂಬ ಶಬ್ದವೂ ವಿಜಯನಗರದ ಕುಲ್ಲಾಯಿಯೂ

‘ಕೂಸು ಹುಟ್ಟುವ ಮುನ್ನ ಕುಲಾವಿ’ ಎಂಬ ಗಾದೆಯನ್ನರಿಯದ ಕನ್ನಡಿಗರು ವಿರಳ. ಅಳವಂಡಿ, ಕೊಪ್ಪಳಗಳ ಸೀಮೆಯಲ್ಲಿ ಕುಲಾವಿಯೆಂದರೆ ಎಳೆಗೂಸಿನ ತಲೆಗೆ ತೊಡಿಸುವ, ಸುತ್ತಲೂ ಅಂಚು ಚಾಚದ ಬಟ್ಟೆಯ ಟೊಪ್ಪಿಗೆ. ಇದೇ ಸೀಮೆಯ ಪೂರ್ವಭಾಗದಲ್ಲಿ, ತುಂಗಭದ್ರೆಯ ಉತ್ತರ ದಡದಲ್ಲಿ ಆನೆಗೊಂದಿಯೂ ದಕ್ಷಿಣ ದಡದಲ್ಲಿ ಹಂಪೆಯೂ ಇವೆ. ಅಲ್ಲಿಯ ಆಸ್ಥಾನದಲ್ಲಿ ಈ ಶಬ್ದವೇ ಒಂದು ಕಾಲಕ್ಕೆ ಅರಸರ ಶಿರೋವೇಷ್ಟನದ ಹೆಸರಾಗಿತ್ತೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಶಬ್ದದ ಮೂಲವು ಪಾರಸಿಯ ‘ಕುಲಾಹ್’, ಟೊಪ್ಪಿಗೆಯೆಂದು ಅರ್ಥ. ಕೊನೆಯ ಹಕಾರವು ಲೋಪವಾಗಿ, ಇಕಾರವು ಸೇರಿ, ಯಕಾರಾಗಮದಿಂದ ಕುಲಾಯಿ, ಕುಲ್ಲಾಯಿ ಎಂಬ ರೂಪಗಳಾದುವು. ಯಕಾರದ ಸ್ಥಾನದಲ್ಲಿ ವಕಾರವು ಬಂದು ಕುಲಾವಿಯಾಯಿತು. ನಿಲುವಂಗಿಯ ಹೆಸರಾದ ಅರಬ್ಬಿಯ ‘ಕಬಾ’ ಶಬ್ದವು ನಮ್ಮಲ್ಲಿ ‘ಕಬಾಯಿ’ ಆಗಿರುವುದು ಇದಕ್ಕೆ ಸಮರ್ಥನೆ.

ಈ ಶಬ್ದವು ಆದಿಲಶಾಹಿಯ ಆಳಿಕೆಯೊಡನೆ ಈಚೆಗೆ ಬಂದುದೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಕ್ರಿ. ಶ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯಿಸನು, ಮಹಾನವಮಿಯ ಉತ್ಸವದಲ್ಲಿ ಅರಮನೆಯ ಸ್ತ್ರೀಯರು ತೊಟ್ಟಿದ್ದ ಎತ್ತರದ ಟೊಪ್ಪಿಗೆಗಳನ್ನು ವರ್ಣಿಸುತ್ತ, ಅವುಗಳ ಹೆಸರನ್ನು ‘ಕೊಲ್ಲಾಯಿಸ್’ ಎಂದೇ ಬರೆದಿರುವನು. ಅವುಗಳ ಮೇಲೆ ದಪ್ಪ ಮುತ್ತಿನ ಹೂಗಳಿದ್ದುವಂತೆ. ರಕ್ಕಸತಂಗಡಗಿಯ ಯುದ್ಧವು ನಡೆದುದು 1565ರಲ್ಲಿ. ಪಾಯಿಸನ ಬರಹವು ಅದಕ್ಕಿಂತ ನಾಲ್ಕು ದಶಕಗಳಷ್ಟು ಹಿಂದಿನದು. ಅವನಿಗಿಂತಲೂ ಮುಂಚೆ, 15ನೆಯ ಶತಮಾನದ ತೆಲುಗು ಕವಿ ಶ್ರೀನಾಥನದೆಂದು ಪ್ರಸಿದ್ಧವಾದ ಒಂದು ಚಾಟುಪದ್ಯದಲ್ಲಿ, ಕನ್ನಡ ರಾಜ್ಯದ ಆಸ್ಥಾನಕ್ಕಾಗಿ ಕುಲ್ಲಾಯಿಯನ್ನು ತೊಡಬೇಕಾಯಿತಲ್ಲಾ ಎಂಬ ಕವಿಯ ಪರಿಹಾಸವು ಕಾಣಬರುತ್ತದೆ.

ಕೃಷ್ಣದೇವರಾಯನು ಜರತಾರಿಯ ಟೊಪ್ಪಿಗೆಯನ್ನು ಧರಿಸಿದ್ದನೆಂದು ಪಾಯಿಸನೇ ಹೇಳುತ್ತಾನೆ. ಅಚ್ಯುತರಾಯನ ಕಾಲದಲ್ಲಿದ್ದ ನೂನಿಜನು, ಅಂತಹ ಒಂದೊಂದರ ಬೆಲೆಯು ಸುಮಾರು 20 ಕ್ರುಜಾದೋ ನಾಣ್ಯಗಳೆಂದೂ, ಅರಸನು ಒಮ್ಮೆ ತೆಗೆದುದನ್ನು ಮರಳಿ ತೊಡುವುದಿಲ್ಲವೆಂದೂ ತಿಳಿಸಿರುವನು. ಲೇಪಾಕ್ಷಿಯ ವರ್ಣಚಿತ್ರಗಳಲ್ಲಿ ಇದರ ಆಕಾರವು ಸ್ಪಷ್ಟವಾಗಿದೆ.

ಎರವಲು ತಂದುದನ್ನು ರಾಯರು ತಮ್ಮದಾಗಿ ಮಾಡಿಕೊಂಡ ಬಗೆಯೇ ವಿಶೇಷವಾಗಿ ಗಮನಾರ್ಹ. ಪಾರಸಿಕರಲ್ಲಿ ಕುಲಾಹದ ಸುತ್ತಲೂ ರುಮಾಲು ಸುತ್ತುವ ರೂಢಿಯುಂಟು. ನಮ್ಮ ಚಿತ್ರಗಳಲ್ಲಿ ರುಮಾಲಿಲ್ಲದ ನೀಳವಾದ ಟೊಪ್ಪಿಗೆಯಷ್ಟೇ ಇರುತ್ತದೆ. ತಿರುಮಲೆಯ ದೇವಾಲಯದಲ್ಲಿ ರಾಣಿಯರಿಬ್ಬರೊಡನೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹಪ್ರತಿಮೆಯಲ್ಲಿ ಕಬಾಯಿಯಿಲ್ಲ, ಮೈ ಬರಿದಾಗಿದೆ. ತಲೆಯ ಮೇಲಿನ ಟೊಪ್ಪಿಗೆ ಮಾತ್ರ ಹಾಗೆಯೇ ಇದೆ. ದೇವರ ಸನ್ನಿಧಿಯಲ್ಲಿಯೂ ತೆಗೆಯದ ಉಡುಪನ್ನು ಪರಕೀಯವೆನ್ನುವುದು ಹೇಗೆ? 14ನೆಯ ಶತಮಾನದ ಶಾಸನಗಳಲ್ಲಿಯೇ ‘ಸುಲ್ತಾನ’ ಶಬ್ದವನ್ನು ಸಂಸ್ಕೃತಕ್ಕೆ ತಿರುಗಿಸಿ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದನ್ನು ತಳೆದವರು ವಿಜಯನಗರದ ಅರಸರೇ ಅಲ್ಲವೇ! ಆ ಕಾಲದ ಎರಡು ರಾಜನೀತಿಗಳ ನಡುವೆ ಕಲ್ಲುಗೋಡೆಯನ್ನು ಕಲ್ಪಿಸುವವರು ಈ ಬಟ್ಟೆಯ ಸಾಕ್ಷ್ಯವನ್ನೂ ಪರಿಶೀಲಿಸಬೇಕು.

ಅರಸರ ಕುಲ್ಲಾಯಿಯು ಆಸ್ಥಾನದೊಡನೆ ಅಳಿಯಿತು. ಅದರ ಹೆಸರನ್ನು ಮಾತ್ರ ತೊಟ್ಟಿಲ ಕೂಸಿನ ತಲೆಯ ಮೇಲಿರಿಸಿ ನಮ್ಮ ತಾಯಂದಿರು ಕಾಪಾಡಿಕೊಂಡು ಬಂದಿದ್ದಾರೆ.