ಬಸಿರಿನ ನಂಜು

ನಮ್ಮ ಕಡೆಯ ಹಳೆಯ ಹೆಂಗಸರು ಬಸುರಿಯ ಪಾದ ಊದಿದರೆ ‘ಕಾಲಿಗೆ ನೀರು ಇಳಿದಾವ’ ಎನ್ನುತ್ತಿದ್ದರು. ಮುಖ, ಕೈಬೆರಳು ಊದಿದರೆ ‘ನಂಜಾಗೇತಿ’ ಎನ್ನುವರು. ಹಲ್ಲು ಕಚ್ಚಿ ಕೈಕಾಲು ಸೆಟೆದುಕೊಂಡರೆ ಮಾತ್ರ ದನಿ ತಗ್ಗಿಸಿ ಬೇರೆ ಹೆಸರು ಹೇಳುವರು. ಹೆರಿಗೆಗೆ ಮುಂಚೆ ಆದರೆ ಅದು ಗಾಳಿ, ಹೆರಿಗೆಯ ನಂತರ ಆದರೆ ಸನ್ನಿ. (ಜ್ವರ ಏರಿ ಬಡಬಡಿಸುವ ಬಾಣಂತಿ ಸನ್ನಿ ಬೇರೆಯದು, ಹೆಸರು ಮಾತ್ರ ಒಂದೇ.) ನೀರು, ನಂಜು, ಗಾಳಿ, ಸನ್ನಿ ಎಂದು ಕರೆದದ್ದರಲ್ಲಿ ಎಷ್ಟೋ ಸಲ ಒಂದೇ ಬೇನೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು ಎಂಬುದು ನನಗೆ ತಿಳಿದದ್ದು 1996ರಲ್ಲಿ. ಆಗ ನಾನು ಎಂಟು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆಂದು ಹೊಸಪೇಟೆಯಿಂದ ತೋರಣಗಲ್ಲಿನ ತವರಿಗೆ ಬಂದಿದ್ದೆ.

ಡಾಕ್ಟರು ಆ ಬೇನೆಯನ್ನು ಪ್ರಿ-ಎಕ್ಲಾಂಪ್ಸಿಯಾ ಎಂದರು. ನಮ್ಮವ್ವನ ಬಾಯಲ್ಲಿ ಅದು ಕೊನೆಯವರೆಗೂ ತಿರುಗಲಿಲ್ಲ. ಬಸಿರಿಗೆ ಇಪ್ಪತ್ತು ವಾರ ತುಂಬಿದ ಮೇಲೆ ರಕ್ತದೊತ್ತಡ 140/90ಕ್ಕೆ ಏರುವುದು, ಜೊತೆಗೆ ಮೂತ್ರದಲ್ಲಿ ಪ್ರೋಟೀನು ಹೋಗುವುದು ಅಥವಾ ಲಿವರ್, ಮೂತ್ರಪಿಂಡ, ಮೆದುಳು ಇವುಗಳಲ್ಲೊಂದಕ್ಕೆ ಪೆಟ್ಟು ಬೀಳುವುದು ಇದರ ಲಕ್ಷಣ. ಮುಂದುವರಿದು ಫಿಟ್ಸ್ ಬಂದರೆ ‘ಪ್ರಿ’ ಬಿದ್ದುಹೋಗಿ ಬರೀ ಎಕ್ಲಾಂಪ್ಸಿಯಾ ಆಗುತ್ತದೆ. ಗ್ರೀಕ್ ಮೂಲದ ಆ ಪದಕ್ಕೆ ಥಟ್ಟನೆ ಹೊಳೆಯುವುದು, ಮಿಂಚುವುದು ಎಂದು ಅರ್ಥವಂತೆ. ಬಸುರಿಗೆ ತಲೆನೋವು ಬಂದು ಸೆಟೆತ ಕಾಣಿಸಿಕೊಂಡರೆ ಕೆಟ್ಟದ್ದೆಂದು ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕ್ ವೈದ್ಯರು ಬರೆದಿಟ್ಟಿದ್ದರು. ಆದರೂ ಇದು ಮೂರ್ಛೆರೋಗವಲ್ಲ, ಬೇರೆಯದೇ ಬೇನೆ ಎಂದು ಯುರೋಪಿನವರು ಬಿಡಿಸಿ ಹೇಳಲು 18ನೆಯ ಶತಮಾನವೇ ಬರಬೇಕಾಯಿತು. ನಮ್ಮೂರಿನವರು ಗಾಳಿ ಎಂದದ್ದರಲ್ಲಿ ನಗುವಂಥದ್ದೇನೂ ಇಲ್ಲ.

ನಮ್ಮ ಮನೆಯಲ್ಲೇ ಆ ‘ಗಾಳಿ’ ಒಬ್ಬಳನ್ನು ಒಯ್ದಿತ್ತು. ಅವ್ವನ ಅಕ್ಕ, ನನಗೆ ದೊಡ್ಡಮ್ಮ ಆಗಬೇಕಾದವಳು, 1951ರ ಸುಮಾರಿಗೆ ಚೊಚ್ಚಲ ಬಸುರಿಯಾಗಿದ್ದಾಗಲೇ ಸತ್ತಳು. ಹದಿನೇಳು ವರ್ಷ. ಮೂರು ದಿನ ತಲೆನೋವೆಂದು ಹಣೆಗೆ ಶುಂಠಿ ತೇಯ್ದು ಹಚ್ಚಿಕೊಂಡು ಮಲಗಿದ್ದಳಂತೆ, ನಾಲ್ಕನೆಯ ದಿನ ‘ಕಣ್ಣು ಕಾಣವಲ್ವು’ ಎಂದಳಂತೆ, ಆಮೇಲೆ ಸೆಟೆತ. ಹೊಲದ ಹಾದಿಯ ಹುಣಸೆಮರದ ಕೆಳಗೆ ಹಾಯ್ದು ಬಂದಳೆಂದು ಮರದ ಮೇಲೆ ಅಪವಾದ ಬಂತು. ನಾವು ಹುಡುಗಿಯರಾಗಿದ್ದಾಗಲೂ ಆ ಮರದ ಕೆಳಗೆ ಹೋಗಬಾರದೆಂದು ತಾಕೀತಿತ್ತು. ಬಳ್ಳಾರಿಗೆ ರೈಲು ಇತ್ತು, ದೂರವೂ ಮೂವತ್ತು ಕಿಲೋಮೀಟರಿನ ಆಸುಪಾಸು. ಆದರೆ ತಲೆನೋವಿಗೆ, ಕಾಲುನೀರಿಗೆ ಯಾರಾದರೂ ಬಸುರಿಯನ್ನು ರೈಲು ಹತ್ತಿಸುತ್ತಾರೆಯೇ?

ಆಗ ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರಿನಲ್ಲಿ. ಪಕ್ಕದ ಸಂಡೂರು 1949ರವರೆಗೂ ಘೋರ್ಪಡೆಯವರ ಸಂಸ್ಥಾನ. ಬಳ್ಳಾರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 1961ರಲ್ಲಿ. ಅದೇ 1961ರಲ್ಲಿ ಮದ್ರಾಸಿನ ಪ್ರಸೂತಿ ವೈದ್ಯ ಕೃಷ್ಣ ಮೆನನ್ ಅವರು ತಮ್ಮ ಚಿಕಿತ್ಸಾಕ್ರಮವನ್ನು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ನೋವು ತಗ್ಗಿಸುವ ಪೆಥಿಡಿನ್ ಜೊತೆಗೆ ಮಂಪರು ಬರಿಸುವ ಇನ್ನೆರಡು ಔಷಧ ಕೂಡಿಸಿ, ಫಿಟ್ಸ್ ಬಂದ ಬಸುರಿಯನ್ನು ನಿದ್ದೆಯಲ್ಲಿಡುವ ಕ್ರಮ ಅದು. ದೇಶದ ಎಷ್ಟೋ ಹೆರಿಗೆ ಆಸ್ಪತ್ರೆಗಳು ದಶಕಗಟ್ಟಲೆ ಅದನ್ನೇ ನೆಚ್ಚಿಕೊಂಡವು. ದೀಪ ಆರಿಸಿದ ಕೋಣೆ, ಕಿಟಕಿಗೆ ಕಪ್ಪು ಪರದೆ, ಸದ್ದು ಮಾಡಬಾರದು ಎಂಬ ಕಟ್ಟಳೆ ಅದಕ್ಕೂ ಹಿಂದಿನವು, ರಷ್ಯಾದ ಸ್ಟ್ರೊಗನಾಫ್ ಎಂಬ ವೈದ್ಯರ ಕಾಲದವು.

ಆದರೆ ಇವೆಲ್ಲ ಫಿಟ್ಸ್ ಬಂದ ಮೇಲಿನ ಮಾತು. ಬರುವ ಮೊದಲೇ ಕಂಡುಹಿಡಿಯುವುದಕ್ಕೆ ಬೇಕಾದದ್ದು ಎರಡೇ ಸಾಮಾನು. 1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೀವರ್, ಸೆಟೆತ ಬಂದ ಹೆಂಗಸರ ಮೂತ್ರ ಕಾಯಿಸಿದರೆ ಅದು ಮೊಟ್ಟೆಯ ಬಿಳಿಯ ಹಾಗೆ ಗಟ್ಟುವುದನ್ನು ಕಂಡರು. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಸಾಧನ ಮಾಡಿದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳುವುದನ್ನು ಹೇಳಿಕೊಟ್ಟರು. ಸ್ಪಿರಿಟ್ ದೀಪ, ಗಾಜಿನ ನಳಿಗೆ, ನಾಲ್ಕು ಹನಿ ಅಸಿಟಿಕ್ ಆಮ್ಲ, ಒಂದು ಬಿ.ಪಿ. ಪೆಟ್ಟಿಗೆ. ಇಷ್ಟು ಇದ್ದು, ನೋಡುವ ಒಬ್ಬಾಕೆ ಇದ್ದಿದ್ದರೆ ನಮ್ಮ ದೊಡ್ಡಮ್ಮ ಬದುಕುತ್ತಿದ್ದಳೇನೋ.

ನನಗೆ ಅಂಥ ಒಬ್ಬಾಕೆ ಸಿಕ್ಕಳು. 1996ರ ತೋರಣಗಲ್ಲು ಅಂದರೆ ಊರ ತುಂಬ ಕೆಂಪು ದೂಳು. 1971ರಲ್ಲಿ ಇಂದಿರಾ ಗಾಂಧಿಯವರು ಅಡಿಗಲ್ಲಿಟ್ಟು ಹೋಗಿದ್ದ ಉಕ್ಕಿನ ಕಾರ್ಖಾನೆ ಸರ್ಕಾರದಿಂದ ಏಳಲೇ ಇಲ್ಲ. ಕಡೆಗೆ ಜಿಂದಾಲ್ ಕಂಪನಿ ಕಟ್ಟತೊಡಗಿತ್ತು. ಏಳನೆಯ ತಿಂಗಳಲ್ಲಿ ಕುಬುಸ ಮಾಡಿ ಕೈತುಂಬ ಹಸಿರು ಬಳೆ ತೊಡಿಸಿದ್ದರು. ಮೂರೇ ವಾರಕ್ಕೆ ಬಳೆಗಳು ತಿರುಗದಾದವು, ಗಾಜು ಮಾಂಸದಲ್ಲಿ ಹೂತಿತು. ‘ಮೈ ತುಂಬಿಕೊಂಡಾಳ’ ಎಂದು ಓಣಿಯವರು ದೃಷ್ಟಿ ತೆಗೆಯಲು ಹೇಳಿದರು. ಆಮೇಲೆ ತಲೆನೋವು ಶುರುವಾಯಿತು. ಪಕ್ಕೆಲುಬಿನ ಕೆಳಗೆ, ಬಲಗಡೆ, ಯಾರೋ ಗುದ್ದಿದ ಹಾಗೆ ನೋವು.

ಚುಚ್ಚುಮದ್ದಿನ ದಿನ ಬಂದ ನರ್ಸಮ್ಮ ಬಳೆ ನೋಡಿಯೇ ನನ್ನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡರು.

‘ಕಣ್ಣ ಮುಂದ ಮಿಂಚುಹುಳ ಹಾರಿದಂಗ ಆಕ್ಕಾವೇನು ತಂಗಿ?’

ಹೌದೆಂದೆ. ಅವ್ವ ಅಡ್ಡ ಬಾಯಿ ಹಾಕಿ, ‘ಬಿಸಲಿಗೆ ಹಂಗ ಆಗಿರತೈತಿ ಬಿಡ್ರಿ ಅಕ್ಕಾರ’ ಎಂದಳು. ನರ್ಸಮ್ಮ ಮಾತಾಡದೆ ಪಟ್ಟಿ ಸುತ್ತಿದರು. ಪಾದರಸ ಇಳಿಯುವುದನ್ನು ನೋಡಿ ಮತ್ತೊಮ್ಮೆ ಗಾಳಿ ಹಾಕಿದರು. 170/110.

‘ಇವತ್ತೇ ಬಳ್ಳಾರಿಗೆ ಹೊಂಡ್ರಿ’ ಎಂದರು. ಮರುದಿನ ಅಮಾವಾಸ್ಯೆ, ನಾಡಿದ್ದು ಹೋದರಾಯಿತೆಂದು ಅಪ್ಪ. ನರ್ಸಮ್ಮ ವಾದ ಮಾಡಲಿಲ್ಲ. ಚೀಲ ಕೆಳಗಿಟ್ಟು ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟರು. ‘ಗಾಡಿ ಬರೂತನ ನಾ ಏಳಂಗಿಲ್ಲ ಯಜಮಾನ್ರ’ ಎಂದರು. ಕಾರ್ಖಾನೆ ಕಟ್ಟಡದ ಕೆಲಸದ ಜೀಪೊಂದು ಸಿಕ್ಕಿತು. ಹೆಸರು ಹೇಳದೆ ‘ನರ್ಸಮ್ಮ’ ಎಂದೇ ನಾವು ಕರೆದ ಆಕೆಯನ್ನು ನಾನು ಯಾವ ಡಾಕ್ಟರಿಗೂ ಕಡಿಮೆ ಎಣಿಸಿಲ್ಲ.

ಬಳ್ಳಾರಿಯ ಆಸ್ಪತ್ರೆಯ ಲೇಡಿ ಡಾಕ್ಟರು ಚೀಟಿಯಲ್ಲಿ ಏನೇನೋ ಬರೆದು ಅವ್ವನಿಗೆ ಹೇಳಿದ್ದು ಇಷ್ಟು: ಮಾತ್ರೆಯಿಂದ ಒತ್ತಡ ತಗ್ಗುತ್ತದೆ, ಬೇನೆ ಹೋಗುವುದಿಲ್ಲ, ಕೂಸು ಮತ್ತು ಮಾಸು ಹೊರಗೆ ಬರುವವರೆಗೂ ಹೋಗುವುದಿಲ್ಲ. ಕೂಸಿಗೆ ಒಳಗೆ ಒಂದೊಂದು ದಿನವೂ ಲಾಭ, ತಾಯಿಗೆ ಒಂದೊಂದು ದಿನವೂ ಅಪಾಯ. ಈ ಲೆಕ್ಕವನ್ನು ಮಲಗಿಕೊಂಡು ಹಾಕಿದವರಿಗೇ ಗೊತ್ತು. ಕೂಸಿನ ಪುಪ್ಪುಸ ಬಲಿಯಲೆಂದು ನನಗೆ ಸ್ಟಿರಾಯ್ಡ್ ಚುಚ್ಚಿದರು. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ತೋರಿಸಿಕೊಟ್ಟ ಉಪಾಯವದು. ಆರು ದಿನ ತಳ್ಳಿದರು. ಏಳನೆಯ ದಿನ ಒತ್ತಡ ಮಾತು ಕೇಳಲಿಲ್ಲ, ಆಪರೇಷನ್ ಆಯಿತು. ಹೆಣ್ಣುಕೂಸು, ಒಂದು ಕಿಲೋ ಏಳುನೂರು ಗ್ರಾಂ.

ಆ ಏಳು ದಿನ ಉಪ್ಪಿಲ್ಲದ ಊಟ. ಸಪ್ಪೆ ಸಾರು, ಸಪ್ಪೆ ಪುಂಡಿಪಲ್ಯ, ಶೇಂಗಾ ಚಟ್ನಿಪುಡಿಯ ಆಸೆಯಂತೂ ಬಿಟ್ಟೇಬಿಡಬೇಕು. ಆಗ ಎಲ್ಲೆಡೆ ಅದೇ ರೂಢಿ. ಉಪ್ಪು ಬಿಟ್ಟರೆ ಈ ಬೇನೆ ತಡೆಯುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದು ಈಗ ಹೇಳುತ್ತಾರೆ. ನನ್ನ ಆ ಏಳು ದಿನದ ರೊಟ್ಟಿಯ ರುಚಿಯನ್ನು ಯಾರು ತಂದುಕೊಡಬೇಕು!

ಊಟದ ಉಪ್ಪು ಬೇಡವೆಂದವರು ನನಗೆ ಚುಚ್ಚಿದ್ದೂ ಒಂದು ಉಪ್ಪೇ. ಮೆಗ್ನೀಷಿಯಂ ಸಲ್ಫೇಟ್. ಹಿಂದೆ ಭೇದಿಗೆ ಕುಡಿಸುತ್ತಿದ್ದ ಎಪ್ಸಮ್ ಉಪ್ಪು. ಎರೆಹೊಲದಲ್ಲಿ ಹತ್ತಿಯ ಎಲೆ ಕೆಂಪಗಾದರೆ ನಮ್ಮಪ್ಪ ನೀರಿಗೆ ಕಲಸಿ ಹೊಡೆಯುತ್ತಿದ್ದದ್ದೂ ಅದೇ. ಚುಚ್ಚಿದಾಗ ಮೈಯೆಲ್ಲ ಒಲೆಯ ಮುಂದೆ ಕೂತ ಹಾಗೆ ಕಾಯುತ್ತದೆ. ಚಪ್ಪೆಗೆ ಚುಚ್ಚಿದ್ದಂತೂ ವಾರಗಟ್ಟಲೆ ನೋಯುತ್ತದೆ. ಹೆಚ್ಚಾದರೆ ಉಸಿರು ನಿಲ್ಲಿಸುವ ಔಷಧ, ಆದ್ದರಿಂದ ನಾಲ್ಕು ತಾಸಿಗೊಮ್ಮೆ ಮಂಡಿಗೆ ಪುಟ್ಟ ಸುತ್ತಿಗೆ ಬಡಿದು ಕಾಲು ಚಿಮ್ಮುವುದೇ ಎಂದು ನೋಡುವರು, ಉಸಿರು ಎಣಿಸುವರು, ಮೂತ್ರ ಅಳೆಯುವರು.

ಅದನ್ನು ಚುಚ್ಚಿಸಿಕೊಂಡದ್ದು ನನ್ನ ಅದೃಷ್ಟ. ಅಮೆರಿಕದವರು 1920ರ ದಶಕದಿಂದಲೂ ಬಳಸುತ್ತಿದ್ದರು; ಡಲ್ಲಾಸಿನ ಪ್ರಿಚರ್ಡ್ 1955ರಲ್ಲಿ ಪ್ರಮಾಣ ಗೊತ್ತುಮಾಡಿದ್ದರು. ಬ್ರಿಟನ್ನಿನವರು ಡಯಾಜೆಪಾಮ್, ಫೆನಿಟಾಯಿನ್ ಎನ್ನುತ್ತಿದ್ದರು, ನಮ್ಮವರು ಮೆನನ್ ಕ್ರಮ ಬಿಟ್ಟಿರಲಿಲ್ಲ. ಯಾವುದು ಮೇಲು? 1995ರಲ್ಲಿ ತೀರ್ಪು ಬಂತು. ಭಾರತವೂ ಸೇರಿ ಒಂಬತ್ತು ದೇಶಗಳ 1,687 ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲಿ, ಮೆಗ್ನೀಷಿಯಂ ಪಡೆದವರಿಗೆ ಫಿಟ್ಸ್ ಮರುಕಳಿಸುವುದು ಡಯಾಜೆಪಾಮ್‌ಗಿಂತ ಶೇಕಡಾ 52, ಫೆನಿಟಾಯಿನ್‌ಗಿಂತ ಶೇಕಡಾ 67 ಕಡಿಮೆ. ನಾನು ಮಲಗಿದ್ದು ಅದರ ಮರುವರ್ಷ. ಫಿಟ್ಸ್ ಬಾರದ ಹಾಗೆಯೂ ಅದು ತಡೆಯುತ್ತದೆಂದು 2002ರಲ್ಲಿ, 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಬಸುರಿಯರ ಪರೀಕ್ಷೆಯಿಂದ ಸ್ಥಿರವಾಯಿತು.

ನನಗೆ ಫಿಟ್ಸ್ ಬರಲಿಲ್ಲ. ಪಕ್ಕದ ಹಾಸಿಗೆಯವಳಿಗೆ ಹೆರಿಗೆಯಾದ ಎರಡನೆಯ ರಾತ್ರಿ ಬಂತು. ಅವಳ ತಾಯಿ ‘ಸನ್ನಿ, ಸನ್ನಿ’ ಎಂದು ಬಾಯಿ ಬಡಿದುಕೊಂಡಳು. ಅದೇ ಉಪ್ಪು ಅವಳನ್ನೂ ಉಳಿಸಿತು. ಹೆತ್ತೆವು, ಗೆದ್ದೆವು ಎಂದು ಮನೆಗೆ ಓಡುವವರು ಇದನ್ನು ತಿಳಿದಿರಬೇಕು: ಮೊದಲ ವಾರದಲ್ಲಿ ಅಪಾಯ ಹೆಚ್ಚು, ಆರು ವಾರದವರೆಗೂ ತಲೆನೋವನ್ನು ಹಗುರಾಗಿ ಕಾಣಬಾರದು.

ಇನ್ನು ನಂಜಿನ ಮಾತು. ಇಂಗ್ಲಿಷಿನವರೂ ಇದನ್ನು ಬಹುಕಾಲ ಟಾಕ್ಸೀಮಿಯಾ ಎಂದರು, ರಕ್ತದಲ್ಲಿ ವಿಷ ಸೇರಿದೆ ಎಂಬ ಅರ್ಥದಲ್ಲಿ. ವಿಷ ಹುಡುಕಿ ಸಿಗದೆ ಆ ಹೆಸರನ್ನೇ ಕೈಬಿಟ್ಟರು. 2003ರಲ್ಲಿ, ಮದ್ರಾಸಿನಲ್ಲಿ ಓದಿ ಅಮೆರಿಕಕ್ಕೆ ಹೋದ ಅನಂತ್ ಕರುಮಂಚಿ ಮತ್ತು ಸಂಗಡಿಗರು, ಸರಿಯಾಗಿ ಬೇರೂರದ ಮಾಸಿನಿಂದ ಎಸ್-ಎಫ್‌ಎಲ್‌ಟಿ-1 ಎಂಬ ಪ್ರೋಟೀನು ಮಿತಿಮೀರಿ ತಾಯಿಯ ರಕ್ತಕ್ಕೆ ಸೇರಿ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆಂದು ತೋರಿಸಿದರು. ಮಾಸು ಹೊರಬಿದ್ದರೇ ಬೇನೆ ಇಳಿಯುವುದೇಕೆ ಎಂಬುದಕ್ಕೆ ಅದು ಬಹುಮಟ್ಟಿಗೆ ಉತ್ತರ. ಓದಿದಾಗ ನನಗೆ ನಮ್ಮ ಓಣಿಯ ಮುದುಕಿಯರೇ ನೆನಪಾದರು. ನಂಜು ಎಂದದ್ದು ಪೂರ್ತಿ ಸುಳ್ಳಾಗಿರಲಿಲ್ಲ.

ಇತ್ತೀಚಿನ ಚರಿತ್ರೆಯಲ್ಲಿ ನಮ್ಮ ಕರ್ನಾಟಕದ ಹೆಂಗಸರ ಪಾಲು ದೊಡ್ಡದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಬಸಿರುಗಳನ್ನು ಹಿಂಬಾಲಿಸಿದ ಪ್ರಯೋಗವೊಂದು ನಡೆಯಿತು. ಆಶಾ ಕಾರ್ಯಕರ್ತೆಯರೂ ನರ್ಸಮ್ಮಂದಿರೂ ಮನೆಮನೆಗೆ ಹೋಗಿ ಒತ್ತಡ ನೋಡಿ, ಅಗತ್ಯವಿದ್ದರೆ ಮಾತ್ರೆ ಕೊಟ್ಟು, ಮೆಗ್ನೀಷಿಯಂ ಚುಚ್ಚಿ ಆಸ್ಪತ್ರೆಗೆ ಕಳಿಸುವ ಕ್ರಮ. ಒಟ್ಟು ಫಲಿತಾಂಶ ನಿರಾಸೆಯದು. ಸಾವು ನೋವು ಇಳಿಯಲಿಲ್ಲ. ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ಭೇಟಿ ಆದವರಲ್ಲಿ ಮಾತ್ರ ಅನಾಹುತ ಕಡಿಮೆ ಕಂಡಿತು. ನನಗಿದು ಸೋಲೆನಿಸುವುದಿಲ್ಲ, ಕಟ್ಟೆಯ ಮೇಲೆ ಕೂತು ಏಳದ ನರ್ಸಮ್ಮನನ್ನು ಕಂಡವಳು ನಾನು. 2016-17ರಲ್ಲಿ ಗೋಕಾಕದಲ್ಲಿ ಕೆಂಪು, ಹಳದಿ, ಹಸಿರು ದೀಪ ಹತ್ತುವ ಒತ್ತಡ ಮಾಪಕವನ್ನು ಪರೀಕ್ಷಿಸಿದರು. ಬಸುರಿಯರಿಗೆ ದಿನಕ್ಕೆ 1500 ಮಿಲಿಗ್ರಾಂ ಬೇಕೆನ್ನುತ್ತಿದ್ದ ಕ್ಯಾಲ್ಸಿಯಂ ಮಾತ್ರೆ 500 ಇದ್ದರೂ ಈ ಬೇನೆ ತಡೆಯುವುದರಲ್ಲಿ ಕಡಿಮೆಯಿಲ್ಲವೆಂದು 2024ರಲ್ಲಿ ಪ್ರಕಟವಾಯಿತು. ಬೆಂಗಳೂರಿನ 11,000 ಚೊಚ್ಚಲ ಬಸುರಿಯರು ಆ ಪರೀಕ್ಷೆಯಲ್ಲಿದ್ದರು.

ಕರ್ನಾಟಕದಲ್ಲಿ 2001-03ರಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ಆದರೆ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಸಂಶಯ ಡ್ರಿಪ್ಪಿನ ದ್ರಾವಣದ ಮೇಲೆ ಬಂದಾಗ ಇಳಿದ ಅಂಕಿಗಳು ಯಾರಿಗೂ ನೆನಪಾಗಲಿಲ್ಲ. ಆಸ್ಪತ್ರೆ ಎಂದರೆ ಹೆದರುವ ಮನೆಗಳು ಮತ್ತೆ ಆದವು. ಹೆದರಿದ ಮನೆಯಲ್ಲಿ ತಲೆನೋವಿಗೆ ಮತ್ತೆ ಶುಂಠಿ ತೇಯುತ್ತಾರೆ.

ಈಗ ನನ್ನ ಮಗಳಿಗೆ ಮೂರು ತಿಂಗಳು. ತಾಯಿಗೆ ಈ ಬೇನೆ ಇತ್ತೆಂದು ಕೇಳಿ ತಿಳಿದ ಡಾಕ್ಟರು ಹನ್ನೆರಡನೆಯ ವಾರದಿಂದಲೇ ರಾತ್ರಿ ಒಂದು ಸಣ್ಣ ಆಸ್ಪಿರಿನ್ ಕೊಡುತ್ತಿದ್ದಾರೆ. ನನಗೂ ಬಿ.ಪಿ. ಮಾತ್ರೆ ಬಂದು ಒಂಬತ್ತು ವರ್ಷವಾಯಿತು. ಒಮ್ಮೆ ಈ ನಂಜು ಕಂಡವಳಿಗೆ ಮುಂದೆ ಒತ್ತಡವೂ ಹೃದಯದ ತೊಂದರೆಯೂ ಬರುವ ಸಂಭವ ಹೆಚ್ಚೆಂದು 1996ರಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಹೋದ ಸಲ ತೋರಣಗಲ್ಲಿಗೆ ಹೋದಾಗ ಕಾರ್ಖಾನೆಯ ಕೂಲಿಕಾರರ ತಗಡಿನ ಶೆಡ್ಡುಗಳ ಸಾಲಿಗೆ ನಮ್ಮ ಓಣಿಯ ಆಶಾ ಹುಡುಗಿಯ ಸಂಗಡ ನಾನೂ ಹೋಗಿದ್ದೆ. ದೂರದ ಊರುಗಳಿಂದ ಬಂದವರು, ಕನ್ನಡ ಬಾರದು, ಅತ್ತೆ ತಾಯಿ ಹತ್ತಿರವಿಲ್ಲ. ಹುಡುಗಿ ಒಬ್ಬ ಬಸುರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತನ್ನ ಹಣೆ ಮುಟ್ಟಿಕೊಂಡು ‘ಸರ್ ದರ್ದ್?’ ಎಂದಳು, ಕಣ್ಣ ಮುಂದೆ ಬೆರಳು ಚಿಮುಕಿಸಿ ತೋರಿಸಿದಳು, ಎದೆಯ ಕೆಳಗೆ ಬಲಗಡೆ ಕೈಯಿಟ್ಟು ಕೇಳಿದಳು. ಆಕೆ ಎರಡಕ್ಕೆ ತಲೆಯಾಡಿಸಿ ಮೂರನೆಯದಕ್ಕೆ ಸುಮ್ಮನಾದಳು. ಹುಡುಗಿ ಚೀಲದಿಂದ ಪಟ್ಟಿ ತೆಗೆದಳು.