ಬ್ರಹ್ಮಕಮಲದ ತವರು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮಳೆಗಾಲದ ರಾತ್ರಿ, ಊಟ ಮುಗಿದು ದೀಪ ಆರಿಸುವ ಹೊತ್ತಿಗೆ, ಕಾಂಪೌಂಡಿನಾಚೆಯಿಂದ ಒಂದು ಕೂಗು ಕೇಳುವುದುಂಟು: “ಬನ್ನಿ, ಬ್ರಹ್ಮಕಮಲ ಅರಳುತ್ತಿದೆ!” ಮದುವೆಯ ಕರೆಯೋಲೆಗೂ ನೆಪ ಹೇಳಿ ತಪ್ಪಿಸಿಕೊಳ್ಳುವವರು ಈ ಕರೆಗೆ ಮಾತ್ರ ಹೋಗಿಯೇ ಹೋಗುತ್ತಾರೆ. ಕುಂಡದ ಮುಂದೆ ರಂಗೋಲಿ, ಊದುಬತ್ತಿ, ಬಟ್ಟಲಲ್ಲಿ ಹಾಲು. ಬಿಳಿಯ ದಳಗಳ ನಡುವಣ ಕೇಸರಗಳ ಗೊಂಚಲನ್ನು ತೋರಿಸಿ ಹಿರಿಯರು ಮಕ್ಕಳಿಗೆ ಆದಿಶೇಷನ ಹೆಡೆಗಳನ್ನು ಕಾಣಿಸುತ್ತಾರೆ. ಇಷ್ಟೊಂದು ಪುರಾಣವನ್ನು ಹೊತ್ತಿರುವ ಈ ಬಳ್ಳಿಯ ಚರಿತ್ರೆ ಪುರಾಣದಷ್ಟು ಹಳೆಯದಲ್ಲ.

ಇದು ಕಳ್ಳಿಯ ಜಾತಿಯದು. ಸಸ್ಯಶಾಸ್ತ್ರಜ್ಞರು ಎಪಿಫೈಲಮ್ ಆಕ್ಸಿಪೆಟಾಲಮ್ ಎನ್ನುತ್ತಾರೆ. ದಕ್ಷಿಣ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ತೇವದ ಕಾಡುಗಳು ಇದರ ತವರು. ಅಲ್ಲಿ ಇದು ಮರಗಳ ಕವಲುಗಳಲ್ಲಿ ಬೇರೂರಿ, ಮರದ ರಸವನ್ನು ಹೀರದೆ, ಹಬ್ಬುತ್ತ ಜೋತಾಡುತ್ತ ಬೆಳೆಯುತ್ತದೆ. ಡಿ ಕಾಂಡೋಲ್ ಎಂಬ ವಿದ್ವಾಂಸ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದ್ದು 1828ರಲ್ಲಿ. ನಮ್ಮ ಬೇಲಿಯ ಹಾಲುಗಳ್ಳಿ ಬೇರೆ ಕುಲದ್ದು. ಈ ಕುಲದ ಕಳ್ಳಿಗಳು ಹೆಚ್ಚುಕಡಿಮೆ ಎಲ್ಲವೂ ಅಮೆರಿಕದವು. ಎಂದಮೇಲೆ ಪಂಪನಿಗಾಗಲಿ ರನ್ನನಿಗಾಗಲಿ ಈ ಹೂವನ್ನು ಕಾಣುವ ಯೋಗವಿರಲಿಲ್ಲ.

ಇದರ ದಾಯಾದಿ ಪಾಪಾಸುಕಳ್ಳಿಯ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಕೆಂಪು ಬಣ್ಣ ಕೊಡುವ ಹುಳುವನ್ನು ಸಾಕುವುದಕ್ಕೆಂದು 18ನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮದರಾಸಿನಲ್ಲಿ ಆ ಜಾತಿಯ ಕಳ್ಳಿಯ ತೋಟಗಳನ್ನೇ ಮಾಡಿದರು. ಬಣ್ಣದ ವ್ಯಾಪಾರ ಕೈಗೂಡಲಿಲ್ಲ, ಮುಳ್ಳು ಮಾತ್ರ ನಾಡೆಲ್ಲ ಹಬ್ಬಿತು. ಒಂದೇ ಕುಲದ ಇಬ್ಬರಲ್ಲಿ ಒಬ್ಬನಿಗೆ ಬೈಗುಳ, ಇನ್ನೊಬ್ಬನಿಗೆ ಆರತಿ!

ಹೆಸರಿನ ವಿಚಾರದಲ್ಲಿ ತಕರಾರುಂಟು. ನಿಜವಾದ ಬ್ರಹ್ಮಕಮಲ ಹಿಮಾಲಯದ್ದು, ಕೇದಾರ ಬದರಿಗಳಲ್ಲಿ ದೇವರಿಗೆ ಏರುವಂಥದು, ಉತ್ತರಾಖಂಡದ ರಾಜ್ಯಪುಷ್ಪ. ನೀವು ಪೂಜಿಸುವುದು ಹುಸಿ ಕಮಲ ಎಂದು ತಿಳಿದವರು ಆಕ್ಷೇಪಿಸುತ್ತಾರೆ. ಮಾತು ಸರಿಯೇ. ಆದರೆ ಆ ಹಿಮಾಲಯದ ಹೂವೂ ಕಮಲವಲ್ಲ, ನಮ್ಮ ಸೇವಂತಿಗೆಯ ಕುಲಕ್ಕೆ ಸೇರಿದ್ದು! ಚೀನೀಯರು ಇದೇ ಮೆಕ್ಸಿಕೋದ ಹೂವಿಗೆ ಬೌದ್ಧಗ್ರಂಥಗಳ ‘ಉದುಂಬರ’ದಿಂದ ಹುಟ್ಟಿದ ಹೆಸರನ್ನು ಕೊಟ್ಟರು. ಉದುಂಬರವೆಂದರೆ ಅತ್ತಿ, ಅತ್ತಿಯ ಹೂವನ್ನು ಕಂಡವರಿಲ್ಲ ಎಂಬ ಮಾತು ನಮ್ಮಲ್ಲೂ ಉಂಟಷ್ಟೆ. ಜಪಾನೀಯರಿಗೆ ಇದು ಬೆಳದಿಂಗಳ ಸುಂದರಿ, ಮಲಯಾಳಿಗಳಿಗೆ ನಿಶಾಗಂಧಿ. ಅಪರೂಪದ್ದೊಂದು ಮನೆಗೆ ಬಂದಾಗ ತಮ್ಮಲ್ಲಿರುವ ಒಳ್ಳೆಯ ಹೆಸರನ್ನು ತೆಗೆದುಕೊಡುವುದು ಜನರ ಸ್ವಭಾವ. ಇದನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆತಿಥ್ಯದ ಒಂದು ರೀತಿ ಎನ್ನುತ್ತೇನೆ.

ಮೈಸೂರು ಈ ಅತಿಥಿಗೆ ಹೇಳಿ ಮಾಡಿಸಿದ ಊರು. ಪ್ಲೇಗಿನ ಹಾವಳಿಯ ಬಳಿಕ, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಏರ್ಪಟ್ಟು, ಇಕ್ಕಟ್ಟಾದ ಕೇರಿಗಳಾಚೆ ಗಾಳಿ ಬೆಳಕಿನ ಬಡಾವಣೆಗಳು ಬೆಳೆದವು. ಮನೆಯ ಮುಂದೆ ನಾಲ್ಕು ಮೊಳ ಅಂಗಳ, ಮೊಣಕಾಲೆತ್ತರದ ಗೋಡೆ, ಗೋಡೆಯ ಮೇಲೆ ಕುಂಡ. ಬೀಜ ಬೇಡ, ದುಡ್ಡು ಬೇಡ; ಗೋಡೆಯಾಚೆ ಕೈಚಾಚಿ ಒಂದು ‘ಎಲೆ’ ಕೊಟ್ಟರೆ ಗಿಡವಾಯಿತು. ನಮ್ಮಲ್ಲಿ ಇದು ಕಾಯಿ ಕಚ್ಚುವುದು ಅಪರೂಪ. ಒಂದರ ತುಂಡಿನಿಂದ ಇನ್ನೊಂದಾದ ಗಿಡಗಳೆಲ್ಲ ನಿಜದಲ್ಲಿ ಒಂದೇ ಗಿಡ. ಒಂಟಿಕೊಪ್ಪಲಿನಲ್ಲಿ ಅರಳಿದ್ದೂ ಸರಸ್ವತೀಪುರದಲ್ಲಿ ಅರಳಿದ್ದೂ ಒಂದೇ ಮೈಯ ಹೂಗಳಾಗಿರಬಹುದು.

ಬೆಳೆಸುವುದು ಸುಲಭ. ನಾವು ಎಲೆ ಎನ್ನುವುದು ಚಪ್ಪಟೆಯಾದ ಕಾಂಡ. ಗೇಣುದ್ದದ ತುಂಡನ್ನು ಕತ್ತರಿಸಿ, ಗಾಯ ಒಣಗುವಂತೆ ಒಂದು ವಾರ ನೆರಳಿನಲ್ಲಿಡಬೇಕು, ಆತುರಪಟ್ಟರೆ ಕೊಳೆಯುತ್ತದೆ. ಕೆಮ್ಮಣ್ಣು, ಮರಳು, ಎಲೆಗೊಬ್ಬರ ಬೆರೆಸಿ, ನೀರು ನಿಲ್ಲದ ಕುಂಡದಲ್ಲಿ ನೆಟ್ಟು, ಹಬ್ಬಲು ಒಂದು ಕೋಲು ಕೊಡಿ. ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನದ ಉರಿಯಲ್ಲಿ ಹಳದಿಯಾಗುತ್ತದೆ. ದೊಡ್ಡ ಕುಂಡದ ಆಸೆ ಬೇಡ. ಬೇರು ಇಕ್ಕಟ್ಟಾದರೇನೇ ಮೊಗ್ಗು ಬರುವುದು. ಎರಡು ಮೂರು ವರ್ಷ ಕಾಯಬೇಕು. ಎಲೆಯಂಚಿನ ಕಚ್ಚಿನಲ್ಲಿ ಹುಟ್ಟುವ ಮೊಗ್ಗು ಕೆಳಗೆ ಜೋತುಬೀಳುತ್ತದೆ; ಅದರ ಕೊರಳು ಮೇಲಕ್ಕೆ ಬಾಗಿ ತುದಿ ಉಬ್ಬಿತೆಂದರೆ ಆ ರಾತ್ರಿಯೋ ಮರುರಾತ್ರಿಯೋ ಅರಳುತ್ತದೆ. ಎಂಟು ಒಂಬತ್ತಕ್ಕೆ ಬಿರಿಯತೊಡಗಿ ನಡುರಾತ್ರಿಗೆ ತುಂಬಿ, ಹಾಲಿನವನು ಬರುವ ವೇಳೆಗೆ ಬಾಡಿ ನೇತಾಡುತ್ತಿರುತ್ತದೆ. ತವರಿನಲ್ಲಿ ಇರುಳು ಹಾರುವ ದೊಡ್ಡ ಪತಂಗಗಳಿಗಾಗಿ ಈ ಬಿಳುಪು, ಈ ಪರಿಮಳ, ನಮಗಾಗಿ ಅಲ್ಲ.

ಈಗ ಅಂಗಳದ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಗಿಡಕ್ಕೇನೂ ನಷ್ಟವಿಲ್ಲ, ಮರದ ಮೇಲೆ ಬಾಳಿದ್ದಕ್ಕೆ ಮೂರನೆಯ ಮಹಡಿಯ ಬಾಲ್ಕನಿ ಪರಕೀಯವಲ್ಲ. ಹೂವಿನ ಚಿತ್ರವೂ ಕ್ಷಣದಲ್ಲಿ ನೂರು ಫೋನುಗಳಿಗೆ ತಲುಪುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಎದುರುಮನೆಯ ಕರೆಗಂಟೆ ಒತ್ತುವ ಸಲಿಗೆ ಯಾರಿಗಿದೆ? ಪರಿಮಳ ಫೋನಿನಲ್ಲಿ ಹೋಗುವುದಿಲ್ಲ.