ತುಂಗಭದ್ರಾ ಡ್ಯಾಂ: ತುಂಬಿಸೋದಾ, ಖಾಲಿ ಇಡೋದಾ?

ಇವತ್ತಿನ ಎಪಿಸೋಡ್ ಹೊಸಪೇಟೆ ಪಕ್ಕದ ತುಂಗಭದ್ರಾ ಅಣೆಕಟ್ಟಿನ ಬಗ್ಗೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟಿನ ಚೈನ್ ತುಂಡಾಗಿ, ಗೇಟೇ ಕೊಚ್ಚಿಕೊಂಡು ಹೋಯ್ತಲ್ಲ, ಆ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಆದ್ರೆ ಆ ರಾತ್ರಿ ಅರ್ಥ ಆಗ್ಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಬಳ್ಳಾರಿ, ರಾಯಚೂರು, ರಾಯಲಸೀಮೆ ಎಲ್ಲಾ ಮಳೆ ಕೈಕೊಡೋ ಸೀಮೆ. ತುಂಗಭದ್ರೆಯ ನೀರು ನಿಲ್ಲಿಸಿ ಈ ಭೂಮಿಗೆ ಹರಿಸಬೇಕು ಅಂತ ಆರ್ಥರ್ ಕಾಟನ್ 1860ರಲ್ಲೇ ಹೇಳಿದ್ರು. ಕೆಲಸ ಆಗ್ಲಿಲ್ಲ. 1876–78ರ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು. ಆಗ್ಲೂ ಆಗ್ಲಿಲ್ಲ. ಒಂದು ದೊಡ್ಡ ತೊಡಕು ಏನಂದ್ರೆ, ನದಿಯ ಒಂದು ದಡ ಮದ್ರಾಸ್ ಪ್ರಾಂತ್ಯದ್ದು, ಇನ್ನೊಂದು ದಡ ಹೈದರಾಬಾದ್ ನಿಜಾಮರದ್ದು. 1944ರಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದು, 1945ರ ಫೆಬ್ರವರಿ 28ಕ್ಕೆ ಶಂಕುಸ್ಥಾಪನೆ ಆಯ್ತು. 1953ರಲ್ಲಿ ಕಾಲುವೆಗೆ ನೀರು ಬಂತು.

ಕಟ್ಟಿದ್ದು ಕಲ್ಲು ಮತ್ತು ಸುರ್ಕಿ ಗಾರೆಯಿಂದ, ಅಂದ್ರೆ ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿ ಬೆರೆಸಿದ ಗಾರೆ. ಹಿನ್ನೀರಿನಲ್ಲಿ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಕೆಳಗೆ ಗಂಗಾವತಿ, ಸಿಂಧನೂರು ಭತ್ತದ ಕಣಜ ಆದವು. ಒಬ್ಬರ ಗದ್ದೆಗೆ ನೀರು ಬರೋಕೆ ಇನ್ನೊಬ್ಬರು ಊರೇ ಬಿಟ್ಟು ಹೋದ್ರು.

ಈಗ ಅಸಲಿ ವಿಷಯ. ರೈತರಿಗೆ ಡ್ಯಾಂ ತುಂಬಿರಬೇಕು. ಪ್ರವಾಹ ತಡೀಬೇಕು ಅಂದ್ರೆ ಡ್ಯಾಂನಲ್ಲಿ ಜಾಗ ಖಾಲಿ ಇರಬೇಕು. ಒಂದೇ ಜಲಾಶಯ, ಎರಡು ತದ್ವಿರುದ್ಧ ಕೆಲಸ. ಮಳೆಗಾಲದ ಶುರುವಿನಲ್ಲೇ ನೀರು ಬಿಟ್ಟುಬಿಟ್ಟು ಆಮೇಲೆ ಮಳೆ ಬರದಿದ್ರೆ ಬೆಳೆ ಹೋಯ್ತು. ಪೂರ್ತಿ ತುಂಬಿಸಿಟ್ಟಾಗ ಮಲೆನಾಡಲ್ಲಿ ಜೋರು ಮಳೆ ಬಂದ್ರೆ, ಗೇಟು ಎತ್ತಲೇಬೇಕು. ಆಗ ಹಂಪಿಯ ಪುರಂದರ ಮಂಟಪ, ಕಂಪ್ಲಿ ಸೇತುವೆ ನೀರಲ್ಲಿ ಮುಳುಗುತ್ತವೆ.

ಇದರ ಜೊತೆಗೆ ಹೂಳು. ಶುರುವಿನಲ್ಲಿ 133 ಟಿಎಂಸಿ ಹಿಡೀತಿದ್ದ ಜಲಾಶಯ ಈಗ ಹಿಡಿಯೋದು ಸುಮಾರು 105.8 ಟಿಎಂಸಿ. ಕಾಮರ್ಸ್ ಓದಿದವನ ಭಾಷೇಲಿ ಹೇಳೋದಾದ್ರೆ, ಖರ್ಚು ಹಾಗೇ ಇದೆ, ಖಾತೆ ಮಾತ್ರ ಚಿಕ್ಕದಾಗಿದೆ. ಹಾಗಾಗಿ ಯಾರಿಗೂ ಒಂದು ಟಿಎಂಸಿ ಕೂಡ ಬಿಟ್ಟುಕೊಡೋಕೆ ಮನಸ್ಸಿಲ್ಲ.

ಅಂಥಾ ಹೊತ್ತಲ್ಲೇ ಗೇಟು ಹೋಗಿದ್ದು. ಡ್ಯಾಂ ತುಂಬಿತ್ತು. ಒಂದೇ ಗೇಟಿನ ಮೇಲೆ ಒತ್ತಡ ಬೀಳದ ಹಾಗೆ ಉಳಿದ ಗೇಟುಗಳನ್ನೂ ಎತ್ತಬೇಕಾಯ್ತು. ರೈತರು ಕಾದಿದ್ದ ನೀರು ಕಣ್ಣೆದುರೇ ಹರಿದುಹೋಯ್ತು. ನೀರು ಪೂರ್ತಿ ಇಳಿಯೋವರೆಗೆ ಕಾಯದೆ, ತಜ್ಞ ಕನ್ಹಯ್ಯ ನಾಯ್ಡು ಮಾರ್ಗದರ್ಶನದಲ್ಲಿ ಸಿಬ್ಬಂದಿ ಹರಿಯೋ ನೀರಲ್ಲೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನ ಒಂದೊಂದಾಗಿ ಇಳಿಸಿದ್ರು. ಒಂದು ವಾರದಲ್ಲಿ ಕಿಂಡಿ ಮುಚ್ಚಿತು. ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿದ್ದು ರೈತರ ಪುಣ್ಯ.

ಆದ್ರೆ ಪ್ರತಿ ಸಲ ಮಳೆರಾಯ ಕಾಪಾಡ್ತಾನೆ ಅಂತ ಕೂರೋಕಾಗಲ್ಲ. ಡ್ಯಾಂ ಕಟ್ಟಿದ ದಿನ ಫೋಟೋ ತೆಗೀತಾರೆ, ಕಲ್ಲಿನ ಮೇಲೆ ಹೆಸರು ಕೆತ್ತುತಾರೆ. ಚೈನಿಗೆ ಗ್ರೀಸ್ ಹಚ್ಚಿದವರ ಹೆಸರು ಯಾವ ಕಲ್ಲಿನ ಮೇಲೂ ಇರಲ್ಲ. ಸಿಂಧನೂರಿನ ಗದ್ದೆಯೂ ಕಂಪ್ಲಿಯ ಸೇತುವೆಯೂ ಉಳಿಯೋದು ಮಾತ್ರ ಆ ಕೆಲಸದಿಂದಲೇ.

ನಿಮ್ಮೂರಿನ ಡ್ಯಾಂ, ಕೆರೆ, ಕಾಲುವೆಯ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.